ಲಿವರ್ ವಿಷ ಅಂತ ತೆಗೆಯೋ ಅಮೋನಿಯಾವನ್ನು ಕಿಡ್ನಿ ಯಾಕೆ ತಯಾರಿಸುತ್ತೆ?

ಕೊಂಡಜ್ಜಿ_ಹುಡುಗ · ಭಾನುವಾರ ರಾತ್ರಿ 9:12

ನಾನು ಓದಿದ್ದು ಬಿಕಾಂ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತೇನೆ. ಪ್ರಶ್ನೆ ದಡ್ಡತನದ್ದು ಅನ್ನಿಸಿದರೆ ಬೈಯಬೇಡಿ.

ಅಪ್ಪಾಜಿಗೆ 64. ಶುಗರ್ ಶುರುವಾಗಿ 18 ವರ್ಷ ಆಯ್ತು. ಎರಡು ವರ್ಷದಿಂದ ಕಿಡ್ನಿಗೂ ತೋರಿಸುತ್ತಿದ್ದೇವೆ. ಹೋದ ವಾರದ ರಕ್ತದ ರಿಪೋರ್ಟಿನಲ್ಲಿ ಬೈಕಾರ್ಬನೇಟ್, ಅಂದರೆ ರಕ್ತದಲ್ಲಿ ಆಸಿಡ್ ತಡೆಯೋ ಕ್ಷಾರ, ಕಡಿಮೆಯಾಗಿ 17 ಬಂದಿದೆ. ಡಾಕ್ಟರು ಸೋಡಾ ಮಾತ್ರೆ ಬರೆದುಕೊಟ್ಟು, "ಇವರ ಕಿಡ್ನಿಗೆ ಸಾಕಷ್ಟು ಅಮೋನಿಯಾ ತಯಾರಿಸೋಕೆ ಆಗ್ತಿಲ್ಲ, ಅದಕ್ಕೇ ಆಸಿಡ್ ಒಳಗೇ ಉಳೀತಿದೆ" ಅಂದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಮರುಪ್ರಶ್ನೆ ಕೇಳೋಕೆ ಬಾಯಿ ಬರಲಿಲ್ಲ.

ನನಗೆ ಗೊತ್ತಿರೋದು ಇಷ್ಟೇ: ಅಮೋನಿಯಾ ವಿಷ. ನಮ್ಮ ಪಕ್ಕದ ಮನೆಯವರಿಗೆ ಲಿವರ್ ಕೆಟ್ಟು, ರಕ್ತದಲ್ಲಿ ಅಮೋನಿಯಾ ಏರಿ, ಮಂಪರು ಬಂದು ಮನೆಯವರ ಗುರುತೇ ಸಿಗದ ಹಾಗೆ ಆಗಿತ್ತು. ಅಂಥದ್ದನ್ನು ಕಿಡ್ನಿ ತಯಾರಿಸಲಿಲ್ಲ ಅಂದರೆ ಒಳ್ಳೆಯದೇ ಅಲ್ವಾ?

ದುರ್ಗದ_ಕಲ್ಲು · 9:40

ಇದರಲ್ಲಿ ಗೊಂದಲ ಏನಿದೆ ತಮ್ಮಾ? ನನ್ನದು ಗೊಬ್ಬರದ ಅಂಗಡಿ, ಚಿತ್ರದುರ್ಗ. ಯೂರಿಯಾ ಒಡೆದರೆ ಅಮೋನಿಯಾ. ಹಸಿ ಮಣ್ಣಿನ ಮೇಲೆ ಯೂರಿಯಾ ಎರಚಿ ಮುಚ್ಚದೆ ಬಿಟ್ಟರೆ ಗೊಬ್ಬರದಲ್ಲಿರೋ ನೈಟ್ರೋಜನ್ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಮೆಕ್ಕೆಜೋಳ ಹಾಕೋ ಪ್ರತಿಯೊಬ್ಬ ರೈತನಿಗೂ ಇದು ಗೊತ್ತು. ಮೂತ್ರದಲ್ಲಿ ಇರೋದೂ ಯೂರಿಯಾನೇ. ಕಿಡ್ನಿ ಅದನ್ನು ಒಡೆದು ಅಮೋನಿಯಾ ಮಾಡುತ್ತೆ. ನಂಬಿಕೆ ಇಲ್ಲದಿದ್ದರೆ ಯಾವುದಾದರೂ ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಹತ್ತಿರ ಎರಡು ನಿಮಿಷ ನಿಂತು ಬನ್ನಿ.

ಸ್ಲೈಡು_ಸೂಜಿ · 10:05

ಕಲ್ಲಣ್ಣಾ, ಆ ವಾಸನೆ ಕಿಡ್ನಿ ಮಾಡಿದ ಅಮೋನಿಯಾದ್ದಲ್ಲ. ನಾನು ಲ್ಯಾಬಿನಲ್ಲಿ ದಿನಾ ಇದೇ ಕೆಲಸ ಮಾಡೋನು. ಆಗಷ್ಟೇ ಹಿಡಿದ ಮೂತ್ರಕ್ಕೆ ಆ ಘಾಟು ಇರೋದಿಲ್ಲ. ಹೊರಗೆ ಬಿದ್ದ ಮೇಲೆ ಬ್ಯಾಕ್ಟೀರಿಯಾ ಬಂದು ಯೂರಿಯಾ ಒಡೆಯುತ್ತವೆ. ಅವುಗಳ ಹತ್ತಿರ ಯೂರಿಯೇಸ್ ಅನ್ನೋ ಕಿಣ್ವ ಇದೆ. ನಿಮ್ಮ ಹೊಲದ ಮಣ್ಣಿನಲ್ಲಿ ಯೂರಿಯಾ ಒಡೆಯೋದೂ ಅದೇ. ಮನುಷ್ಯನ ಜೀವಕೋಶಗಳಲ್ಲಿ ಅದು ಇಲ್ಲವೇ ಇಲ್ಲ.

ಒಂದು ಕಥೆ ಹೇಳ್ತೀನಿ. ಹೋದ ಮೇ ತಿಂಗಳಲ್ಲಿ ಒಬ್ಬರು ಬೆಳಿಗ್ಗೆ ಹಿಡಿದ ಸ್ಯಾಂಪಲ್ಲನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಮದುವೆಗೆ ಹೋಗಿ, ಊಟ ಮುಗಿಸಿ, ಮಧ್ಯಾಹ್ನ ಮೂರಕ್ಕೆ ತಂದುಕೊಟ್ಟರು. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು. ಪಿಎಚ್ (ಹುಳಿ-ಕ್ಷಾರ ಅಳೆಯೋ ಅಂಕಿ, ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 8.5 ಬಂತು. ಬೇರೆ ಸ್ಯಾಂಪಲ್ ಕೊಡಿ ಅಂದಿದ್ದಕ್ಕೆ "ಅದೇನು, ಮೂತ್ರವೂ ಹಳಸುತ್ತಾ?" ಅಂತ ನನ್ನ ಮೇಲೇ ರೇಗಿದರು. ಹಳಸುತ್ತೆ ಸ್ವಾಮೀ. ಮರುದಿನ ಬೆಳಿಗ್ಗೆ ತಾಜಾ ಸ್ಯಾಂಪಲ್ಲಿನಲ್ಲಿ ಪಿಎಚ್ 6 ಇತ್ತು.

ಪಾಠದ_ಮೇಡಂ · 10:48

ಕಲ್ಲು ಅವರೇ, ನೀವು ಸೋತಿದ್ದರೂ ಒಳ್ಳೆಯವರ ಜೊತೆಗೇ ಸೋತಿದ್ದೀರಿ. 1921ರಲ್ಲಿ ಅಮೆರಿಕದ ನ್ಯಾಶ್ ಮತ್ತು ಬೆನೆಡಿಕ್ಟ್ ಒಂದು ಸೊಗಸಾದ ಅಳತೆ ಮಾಡಿದರು. ಕಿಡ್ನಿಗೆ ಹೋಗೋ ರಕ್ತಕ್ಕಿಂತ ಕಿಡ್ನಿಯಿಂದ ಹೊರಬರೋ ರಕ್ತದಲ್ಲಿ ಅಮೋನಿಯಾ ಜಾಸ್ತಿ ಇತ್ತು. ಅಂದರೆ ಕಿಡ್ನಿ ಸೋಸೋದಷ್ಟೇ ಅಲ್ಲ, ಅಮೋನಿಯಾವನ್ನು ಅಲ್ಲೇ ತಯಾರಿಸುತ್ತೆ. ಅಲ್ಲಿಯವರೆಗೆ ಸರಿ. ಆದರೆ ಯಾವುದರಿಂದ ತಯಾರಿಸುತ್ತೆ ಅಂದಾಗ ಅವರು ಕೈ ತೋರಿಸಿದ್ದು ಯೂರಿಯಾ ಕಡೆಗೇ.

1935ರಲ್ಲಿ ಹ್ಯಾನ್ಸ್ ಕ್ರೆಬ್ಸ್, ಪ್ರಾಣಿಗಳ ಅಂಗಾಂಶದಲ್ಲಿ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲವನ್ನು ಒಡೆಯೋ ಕಿಣ್ವ ಇದೆ ಅಂತ ತೋರಿಸಿದರು. 1943ರಲ್ಲಿ ವ್ಯಾನ್ ಸ್ಲೈಕ್ ಮತ್ತು ಜೊತೆಗಾರರು ಆಸಿಡ್ ಏರಿಸಿದ ನಾಯಿಗಳಲ್ಲಿ ಅಳೆದು ನೋಡಿದರು. ಮೂತ್ರಕ್ಕೆ ಬರೋ ಅಮೋನಿಯಾದಲ್ಲಿ ಬಹುಪಾಲು ಗ್ಲುಟಮಿನ್‌ನಿಂದಲೇ ಬರ್ತಿತ್ತು. ಯೂರಿಯಾದ ವಾದ ಅಲ್ಲಿಗೆ ಮುಗಿಯಿತು.

ನನಗೆ ಇಷ್ಟವಾಗೋ ವಿಷಯ ಇನ್ನೊಂದಿದೆ. ಲಿವರ್ ಅಮೋನಿಯಾವನ್ನು ಯೂರಿಯಾ ಮಾಡೋ ಚಕ್ರವನ್ನು 1932ರಲ್ಲಿ ಬಿಡಿಸಿದ್ದೂ ಇದೇ ಕ್ರೆಬ್ಸ್, ಹೆನ್ಸೆಲೈಟ್ ಜೊತೆ ಸೇರಿ. ಹುಡುಗನ ಪ್ರಶ್ನೆಯ ಎರಡೂ ತುದಿ ಒಬ್ಬನೇ ಮನುಷ್ಯನ ಕೈಯಲ್ಲಿ ಹಾದುಹೋಗಿವೆ.

ಈಗ ಕಿಡ್ನಿಯೊಳಗೆ ಏನಾಗುತ್ತೆ ಅಂತ ನೋಡೋಣ. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚು ಇರೋ ಅಮೈನೋ ಆಮ್ಲವೇ ಗ್ಲುಟಮಿನ್. ಅದರಲ್ಲಿ ಐದು ಕಾರ್ಬನ್, ಎರಡು ನೈಟ್ರೋಜನ್. ಕಿಡ್ನಿಯ ಸೋಸುಗದಿಂದ ಮುಂದಕ್ಕೆ ಹೊರಡೋ ನಳಿಕೆಯ ಮೊದಲ ಭಾಗದ ಕೋಶಗಳು ಗ್ಲುಟಮಿನ್ ಎಳೆದುಕೊಳ್ಳುತ್ತವೆ. ಕೆಲಸ ನಡೆಯೋದು ಮೈಟೋಕಾಂಡ್ರಿಯಾದಲ್ಲಿ. ಗ್ಲುಟಮಿನೇಸ್ ಕಿಣ್ವ ಒಂದು ನೈಟ್ರೋಜನ್ ಕೀಳುತ್ತೆ. ಅದು ಅಮೋನಿಯಂ ಆಗುತ್ತೆ, ಉಳಿದದ್ದು ಗ್ಲುಟಮೇಟ್. ಆಮೇಲೆ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎರಡನೇ ನೈಟ್ರೋಜನ್ ಕೀಳುತ್ತೆ, ಇನ್ನೊಂದು ಅಮೋನಿಯಂ. ಕೊನೆಗೆ ಉಳಿಯೋದು ಆಲ್ಫಾ ಕೀಟೋಗ್ಲುಟರೇಟ್. ಹೆಸರು ಉದ್ದ, ಆದರೆ ಇದನ್ನು ಮರೆಯಬೇಡಿ. ಇಡೀ ವ್ಯಾಪಾರದ ಲಾಭ ಇರೋದು ಇದರಲ್ಲೇ.

ಫಸ್ಟ್_ಇಯರ್_ಪಾಪ · 11:20

ಮೇಡಂ, ನಾನು ಇಲ್ಲೇ ದಾವಣಗೆರೆಯಲ್ಲಿ ಎಂಬಿಬಿಎಸ್ ಮೊದಲ ವರ್ಷ. ಕ್ಲಾಸಿನಲ್ಲಿ ನಾವು ಬರೆದುಕೊಂಡಿರೋದು ಬೇರೆ. ಅಮೋನಿಯಾ ಹೋಗಿ ಆಸಿಡ್ಡಿನ ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು ಅಮೋನಿಯಂ ಆಗುತ್ತೆ, ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತೆ, ಅಲ್ಲಿಗೆ ಆಸಿಡ್ ಹೋಯ್ತು. ಇದಕ್ಕೆ ಐದು ಮಾರ್ಕೂ ಸಿಕ್ಕಿದೆ. ಲಾಭ ಕೀಟೋಗ್ಲುಟರೇಟ್‌ನಲ್ಲಿ ಅಂದರೆ ಹೇಗೆ?

ಪಾಠದ_ಮೇಡಂ · 11:41

ಮಾರ್ಕು ಇಟ್ಟುಕೋ, ವಾಪಸ್ ಕೇಳಲ್ಲ.

ಆದರೆ ಯೋಚನೆ ಮಾಡು. ಗ್ಲುಟಮಿನ್‌ನಿಂದ ಕಿತ್ತು ಬರೋದು ಅಮೋನಿಯಂ, ಅಂದರೆ ಹೈಡ್ರೋಜನ್ ಅಯಾನ್ ಆಗಲೇ ಅಂಟಿಕೊಂಡಿರೋ ರೂಪ. ರಕ್ತದ ಪಿಎಚ್ 7.4ರಲ್ಲಿ ನೂರಕ್ಕೆ ಸುಮಾರು 98 ಭಾಗ ಆ ರೂಪದಲ್ಲೇ ಇರುತ್ತೆ. ಬುಟ್ಟಿ ತುಂಬಿಕೊಂಡೇ ಬಂದಿದೆ. ಅದು ಹೋಗಿ ಇನ್ನೊಂದು ಆಸಿಡ್ಡನ್ನು ಹೇಗೆ ಹಿಡಿಯುತ್ತೆ?

ಇನ್ನೊಂದು ಕಡೆ, ಉಳಿದ ಕೀಟೋಗ್ಲುಟರೇಟ್‌ಗೆ ಎರಡು ಋಣ ಚಾರ್ಜು ಇದೆ. ಕಿಡ್ನಿ ಅದನ್ನು ಪೂರ್ತಿ ಉರಿಸಿದರೂ ಸರಿ, ಗ್ಲೂಕೋಸ್ ಮಾಡಿದರೂ ಸರಿ, ಎರಡು ಬೈಕಾರ್ಬನೇಟ್ ಹುಟ್ಟುತ್ತವೆ. ಅವು ಸೀದಾ ರಕ್ತಕ್ಕೆ ಹೋಗುತ್ತವೆ. ಊಟದಿಂದ ಬಂದ ಆಸಿಡ್ ತಿಂದುಹಾಕಿದ್ದ ಬೈಕಾರ್ಬನೇಟ್ ಹೀಗೆ ವಾಪಸ್ ಬರುತ್ತೆ. ಒಂದು ಗ್ಲುಟಮಿನ್‌ಗೆ ಎರಡು ಅಮೋನಿಯಂ, ಎರಡು ಬೈಕಾರ್ಬನೇಟ್.

ಹಾಗಾದರೆ ಅಮೋನಿಯಂ ಹೊರಗೆ ಹೋಗದಿದ್ದರೆ ಏನಾಯ್ತು? ಅದು ರಕ್ತದಲ್ಲಿ ಲಿವರ್‌ಗೆ ಹೋಗುತ್ತೆ. ಲಿವರ್ ಅದನ್ನು ಯೂರಿಯಾ ಮಾಡುತ್ತೆ. ಹಾಗೆ ಮಾಡುವಾಗ ಎರಡು ಅಮೋನಿಯಂಗೆ ಎರಡು ಬೈಕಾರ್ಬನೇಟ್ ಖರ್ಚು. ಕಿಡ್ನಿ ದುಡಿದದ್ದು ಲಿವರ್‌ನಲ್ಲಿ ಸೊನ್ನೆ. ಅದಕ್ಕೇ ಅಮೋನಿಯಂ ಮೂತ್ರಕ್ಕೇ ಹೋಗಬೇಕು. ತಯಾರಾದದ್ದೆಲ್ಲ ಹೋಗೋದಿಲ್ಲ ಅನ್ನೋದೂ ನಿಜ. ಮಾಮೂಲಿ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧ ರಕ್ತಕ್ಕೇ ಮರಳುತ್ತೆ. ಆಸಿಡ್ ಏರಿದಾಗ ಮೂತ್ರದ ಪಾಲು ಜಾಸ್ತಿಯಾಗುತ್ತೆ.

ಚಳ್ಳಕೆರೆ_ಶೇಂಗಾ · ಸೋಮವಾರ ಬೆಳಿಗ್ಗೆ 6:30

ರಾತ್ರಿ ಓದಿ ಮಲಗಿದೆ, ಬೆಳಿಗ್ಗೆ ಅರ್ಥ ಆಯ್ತು. ಇದು ನಮ್ಮ ಶೇಂಗಾ ಸುಲಿಯೋ ಮಿಷನ್ನಿನ ಲೆಕ್ಕ. ಕಾಯಿ ಹಾಕಿದರೆ ಒಂದು ಕಡೆ ಬೀಜ, ಒಂದು ಕಡೆ ಸಿಪ್ಪೆ. ನಾವು ಮಿಷನ್ ಓಡಿಸೋದು ಬೀಜಕ್ಕೆ. ಆದರೆ ಹೊರಗಿನಿಂದ ನೋಡೋರಿಗೆ ಕಾಣೋದು ಸಿಪ್ಪೆ ಗುಡ್ಡೆ, ಸಿಪ್ಪೆ ಲೋಡು. ಸಿಪ್ಪೆ ಎಷ್ಟು ಹೋಯ್ತು ಅಂತ ನೋಡಿದರೆ ಬೀಜ ಎಷ್ಟಾಯ್ತು ಅಂತ ಹೇಳಬಹುದು. ಸಿಪ್ಪೆ ಹೊರಗೆ ಹೋಗದೆ ಅಂಗಳದಲ್ಲೇ ಉಳಿದರೆ ಅದನ್ನು ಸಾಗಹಾಕೋಕೆ ಬೀಜ ಮಾರಿದ ದುಡ್ಡೇ ಕೊಡಬೇಕು. ಬೀಜ ಬೈಕಾರ್ಬನೇಟು, ಸಿಪ್ಪೆ ಅಮೋನಿಯಂ. ಸರೀನಾ ಮೇಡಂ?

ಪಾಠದ_ಮೇಡಂ · 7:15

ಸರಿ ಅಲ್ಲ, ಬಹಳ ಸರಿ. ಮುಂದಿನ ಬ್ಯಾಚಿಗೆ ಇದನ್ನೇ ಹೇಳ್ತೀನಿ.

ಕೊಂಡಜ್ಜಿ_ಹುಡುಗ · 8:02

ಜಮಾ ಖರ್ಚು ನನಗೆ ಅರ್ಥವಾಗೋ ಭಾಷೆ, ಈಗ ತಲೆಗೆ ಹೋಯ್ತು. ಆದರೂ ಒಂದು ಅನುಮಾನ. ಆಸಿಡ್ಡನ್ನು ಆಸಿಡ್ಡಾಗಿಯೇ ಮೂತ್ರದಲ್ಲಿ ಬಿಡಬಹುದಲ್ಲ? ಇಷ್ಟೆಲ್ಲ ಸುತ್ತು ಯಾಕೆ?

ಫಸ್ಟ್_ಇಯರ್_ಪಾಪ · 8:30

ಇದು ನನಗೆ ಬರುತ್ತೆ, ನಾನು ಹೇಳ್ತೀನಿ.

ನಮ್ಮ ಊಟದಿಂದ ದಿನಕ್ಕೆ ದೇಹದ ತೂಕದ ಒಂದು ಕೆಜಿಗೆ ಸುಮಾರು 1 ಮಿಲಿಮೋಲ್ ಆಸಿಡ್ ಉಳಿಯುತ್ತೆ. 60 ಕೆಜಿ ಮನುಷ್ಯನಿಗೆ 60 ಅಂತ ಹಿಡಿಯಿರಿ. ಮೂತ್ರ ಎಷ್ಟೇ ಹುಳಿಯಾದರೂ ಪಿಎಚ್ 4.5ರ ಕೆಳಗೆ ಹೋಗಲ್ಲ. ಆ ಪಿಎಚ್‌ನಲ್ಲಿ ಒಂದು ಲೀಟರಿನಲ್ಲಿ ಬಿಡಿಯಾಗಿ ಇರೋ ಆಸಿಡ್ ಬರೀ 0.03 ಮಿಲಿಮೋಲ್. ಹಾಗೆ 60 ಮಿಲಿಮೋಲ್ ಹೊರಗೆ ಹಾಕಬೇಕು ಅಂದರೆ ದಿನಕ್ಕೆ ಸುಮಾರು 1900 ಲೀಟರ್ ಮೂತ್ರ ಮಾಡಬೇಕು. ಮನೆ ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕು ಹೆಚ್ಚುಕಡಿಮೆ ಎರಡು.

ಅದಕ್ಕೇ ಆಸಿಡ್ ಮಾರುವೇಷದಲ್ಲಿ ಹೋಗಬೇಕು. ಒಂದಷ್ಟು ಫಾಸ್ಫೇಟ್ ಜೊತೆ ಹೋಗುತ್ತೆ. ಆದರೆ ಫಾಸ್ಫೇಟ್ ಎಷ್ಟು ಸಿಗುತ್ತೆ ಅನ್ನೋದು ಊಟದ ಮೇಲೆ ನಿಂತಿದೆ, ಬೇಕಾದಾಗ ಏರಿಸೋಕೆ ಬರಲ್ಲ. ಅಮೋನಿಯಂ ಹಾಗಲ್ಲ. ಮಾಮೂಲಿ ದಿನಕ್ಕೆ 30ರಿಂದ 40 ಮಿಲಿಮೋಲ್ ಹೋಗುತ್ತೆ. ಆಸಿಡ್ ಏರಿ ಕೆಲವು ದಿನ ಹಾಗೇ ಇದ್ದರೆ ಆರೋಗ್ಯವಾಗಿರೋ ಕಿಡ್ನಿ ಅದನ್ನು 200ರ ಮೇಲಕ್ಕೂ ಒಯ್ಯಬಲ್ಲದು. ಒಂದೇ ದಿನದಲ್ಲಿ ಆಗಲ್ಲ. ಕಿಣ್ವಗಳನ್ನು ಹೆಚ್ಚಿಸಿಕೊಂಡು ಪೂರ್ತಿ ವೇಗಕ್ಕೆ ಬರೋಕೆ ನಾಲ್ಕೈದು ದಿನ ಬೇಕು.

ಹೊರಗೆ ಹೋಗೋ ದಾರಿಯೂ ಮಜವಾಗಿದೆ. ಮೊದಲ ನಳಿಕೆಯಲ್ಲಿ ಹುಟ್ಟಿದ ಅಮೋನಿಯಂ ಮೂತ್ರದ ಜೊತೆ ನೇರವಾಗಿ ಹರಿದು ಹೋಗಲ್ಲ. ಮುಂದಿನ ಏರುದಾರಿಯಲ್ಲಿ ಪೊಟ್ಯಾಸಿಯಂಗೆ ಅಂತ ಇರೋ ಬಾಗಿಲು ಇದನ್ನೂ ಪೊಟ್ಯಾಸಿಯಂ ಅಂದುಕೊಂಡು ವಾಪಸ್ ಒಳಗೆ ಕರೆದುಕೊಳ್ಳುತ್ತೆ. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ. ಹಾಗೆ ಕಿಡ್ನಿಯ ಒಳತಿರುಳಿನಲ್ಲಿ ಗುಡ್ಡೆ ಬೀಳುತ್ತೆ. ಕೊನೆಯ ಸಂಗ್ರಹ ನಾಳದ ಹತ್ತಿರ ಅದು ಅಮೋನಿಯಾ ರೂಪದಲ್ಲಿ ದಾಟುತ್ತೆ. ಅತ್ತ ಕಡೆ ಪಂಪು ತಳ್ಳಿದ ಹೈಡ್ರೋಜನ್ ಅಯಾನ್ ಸೇರಿ ಮತ್ತೆ ಅಮೋನಿಯಂ ಆಗುತ್ತೆ. ಒಂದು ಸಲ ಹಾಗಾದರೆ ಸುಲಭಕ್ಕೆ ವಾಪಸ್ ಬರೋಕೆ ಆಗಲ್ಲ.

ಈ ದಾಟುವಿಕೆ ಸುಮ್ನೆ ಗೋಡೆ ಮೂಲಕ ಸೋರೋದು ಅಂತ ಹಿಂದೆ ಅಂದುಕೊಂಡಿದ್ದರು. ಅದಕ್ಕೆ ಬೇರೆಯೇ ಬಾಗಿಲು ಇದೆ ಅಂತ ಈಗ ಗೊತ್ತಾಗಿದೆ. ಆ ಪ್ರೋಟೀನುಗಳು ನಮ್ಮ ರಕ್ತದ ಗುಂಪಿನ ಪಾಸಿಟಿವ್ ನೆಗೆಟಿವ್ ತೀರ್ಮಾನಿಸೋ ಆರ್‌ಎಚ್ ಕುಟುಂಬದವೇ! ಓದಿದ ದಿನ ಹಾಸ್ಟೆಲ್ಲಿನಲ್ಲಿ ಎಲ್ಲರನ್ನೂ ಎಬ್ಬಿಸಿ ಹೇಳಿದ್ದೆ. ಯಾರೂ ಸಂತೋಷಪಡಲಿಲ್ಲ.

ಪಾಠದ_ಮೇಡಂ · 9:00

ಚೆನ್ನಾಗಿ ಹೇಳಿದೆ. ನಿನ್ನ ಹೈಡ್ರೋಜನ್ ಹಿಡಿಯೋ ಮಾತು ಬಂದಿರೋದು ಈ ಕೊನೆಯ ಹಂತದಿಂದ. ಆ ಹಂತ ನಿಜ. ಆದರೆ ಅಲ್ಲಿ ಅಮೋನಿಯಾ ಆಗೋಕೆ ಬಿಟ್ಟುಕೊಟ್ಟ ಹೈಡ್ರೋಜನ್ ಅಯಾನನ್ನೇ ಆಚೆ ಕಡೆ ಮತ್ತೆ ಎತ್ತಿಕೊಳ್ಳುತ್ತೆ. ಒಟ್ಟು ಲೆಕ್ಕಕ್ಕೆ ಅದು ಸಾಗಾಣಿಕೆ, ದುಡಿಮೆ ಅಲ್ಲ.

ಕೊಂಡಜ್ಜಿ_ಹುಡುಗ · ರಾತ್ರಿ 9:20

ಅಂಗಡಿ ಮುಚ್ಚಿ ಬಂದು ಎಲ್ಲ ಎರಡು ಸಲ ಓದಿದೆ. ಹಾಗಾದರೆ ಅಪ್ಪಾಜಿಯ ವಿಷಯದಲ್ಲಿ ಸುಲಿಯೋ ಮಿಷನ್ನುಗಳೇ ಕಡಿಮೆಯಾಗಿವೆ. ಬೀಜ ಬರ್ತಿಲ್ಲ, ಅದಕ್ಕೆ ಹೊರಗಿನಿಂದ ಬೀಜ ಖರೀದಿ ಮಾಡಿ ಕೊಡ್ತಿದ್ದಾರೆ. ಆ ಸೋಡಾ ಮಾತ್ರೆ ಬೈಕಾರ್ಬನೇಟೇ ಅಲ್ವಾ?

ಇನ್ನೊಂದು ವಿಷಯ. ಒಂದು ವರ್ಷದಲ್ಲಿ ತೋಳು ತೊಡೆ ಎಲ್ಲ ಬಡಕಲಾಗಿವೆ. ಉಂಗುರ ಬೆರಳಲ್ಲಿ ನಿಲ್ಲಲ್ಲ. ಅದು ಶುಗರ್‌ನಿಂದ ಅಂತ ಅಂದುಕೊಂಡಿದ್ದೆ.

ಪಾಠದ_ಮೇಡಂ · 9:55

ಹೌದು, ಅದೇ. 500 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 6 ಮಿಲಿಮೋಲ್ ಬೈಕಾರ್ಬನೇಟ್ ಇರುತ್ತೆ. ದಿನದ 60ರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ ಯಾಕೆ ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದಾರೆ ಅಂತ ತಿಳಿಯುತ್ತೆ.

ಕಿಡ್ನಿ ರೋಗದಲ್ಲಿ ಉಳಿದಿರೋ ಒಂದೊಂದು ಘಟಕವೂ ತನ್ನ ಪಾಲಿಗಿಂತ ಜಾಸ್ತಿಯೇ ಅಮೋನಿಯಾ ಮಾಡುತ್ತಿರುತ್ತೆ. ಪಾಪ, ಮೈ ಮುರಿದು ದುಡಿಯುತ್ತೆ. ಆದರೆ ಘಟಕಗಳ ಸಂಖ್ಯೆಯೇ ಇಳಿದಾಗ ಒಟ್ಟು ಮೊತ್ತ ಸಾಲಲ್ಲ.

ಮೈ ಇಳಿಯೋದಕ್ಕೆ ಕಾರಣ ಹಲವು ಇರಬಹುದು. ಶುಗರ್, ಊಟ ಸೇರದಿರೋದು, ಎಲ್ಲಾ. ಆದರೆ ಆಸಿಡ್ಡಿಗೂ ಅದರಲ್ಲಿ ಪಾಲಿದೆ. ರಕ್ತದಲ್ಲಿ ಆಸಿಡ್ ನಿಂತರೆ ಮಾಂಸಖಂಡದ ಪ್ರೋಟೀನ್ ಕರಗೋದು ಹೆಚ್ಚುತ್ತೆ. ಕಿಡ್ನಿಗೆ ಬೇಕಾದ ಗ್ಲುಟಮಿನ್ ಕಳಿಸೋ ದೊಡ್ಡ ಗೋದಾಮು ಮಾಂಸಖಂಡವೇ. ಅಷ್ಟೇ ಅಲ್ಲ, ಮೂಳೆಯೂ ತನ್ನ ಕ್ಷಾರ ಬಿಟ್ಟುಕೊಟ್ಟು ಆಸಿಡ್ ತಡೆಯುತ್ತೆ. ಬಡತನ ಬಂದ ಮನೆಯವರು ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ. ಡಾಕ್ಟರ ಹತ್ತಿರ ಉಂಗುರದ ವಿಷಯ ಹೇಳಿ. ನಿಮಗೆ ಚಿಕ್ಕದಾಗಿ ಕಂಡದ್ದು ಅವರಿಗೆ ಬೇಕಾದ ಮಾಹಿತಿ.

ಹಿರಿಯೂರು_ತೋಟ · 10:10

ನನ್ನ ಅನುಭವದಲ್ಲಿ ಕಿಡ್ನಿಗೆ ಎಳನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ದಿನಾ ಎರಡು ಕೊಡಿ. ಬಾಳೆದಿಂಡಿನ ರಸವೂ ಕೊಡಿ. ಮಾತ್ರೆಯೆಲ್ಲ ಸುಮ್ನೆ.

ಸ್ಲೈಡು_ಸೂಜಿ · 10:14

ಹುಡುಗಾ, ಕೊಡಬೇಡಪ್ಪ. ಮೊದಲು ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡು.

ಕೊಂಡಜ್ಜಿ_ಹುಡುಗ · 10:20

5.8. ಪಕ್ಕದಲ್ಲಿ ಬಾಣದ ಗುರುತು ಮೇಲಕ್ಕಿದೆ.

ಪಾಠದ_ಮೇಡಂ · 10:37

ಎಳನೀರು ಬೇಡವೇ ಬೇಡ. ತೋಟದವರೇ, ಆರೋಗ್ಯವಾಗಿರೋರಿಗೆ ನಿಮ್ಮ ಮಾತು ಒಪ್ಪುತ್ತೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಅದನ್ನು ಹೊರಹಾಕಲಾಗದ ಕಿಡ್ನಿಗೆ ಅದೇ ಅಪಾಯ. ಪೊಟ್ಯಾಸಿಯಂ ಬಹಳ ಏರಿದರೆ ಎದೆ ಬಡಿತವೇ ತಪ್ಪಬಹುದು.

ಅಮೋನಿಯಾಕ್ಕೂ ಪೊಟ್ಯಾಸಿಯಂಗೂ ನೇರ ನಂಟಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಕಿಡ್ನಿ ಅಮೋನಿಯಾ ತಯಾರಿಕೆಯನ್ನು ಇಳಿಸುತ್ತೆ. ಆ ಕೋಶಗಳ ಒಳಗೆ ಆಸಿಡ್ ಕಡಿಮೆಯಾಗಿ, ದುಡಿಯೋ ತುರ್ತು ಇಲ್ಲ ಅನ್ನಿಸಿಬಿಡುತ್ತೆ. ಜೊತೆಗೆ ಆ ಏರುದಾರಿಯ ಬಾಗಿಲಲ್ಲಿ ನೂಕುನುಗ್ಗಲು. ಪೊಟ್ಯಾಸಿಯಮ್ಮೇ ತುಂಬಿದರೆ ಅಮೋನಿಯಂಗೆ ಜಾಗ ಸಿಗಲ್ಲ. ಬಹಳ ವರ್ಷ ಶುಗರ್ ಇದ್ದವರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೈಕಾರ್ಬನೇಟ್ ಕಡಿಮೆ, ಈ ಜೋಡಿ ಹೊಸದೇನಲ್ಲ. ಕೆಲವರಿಗೆ ಪೊಟ್ಯಾಸಿಯಂ ಇಳಿಸಿದರೇ ಆಸಿಡ್ಡೂ ಸ್ವಲ್ಪ ಸುಧಾರಿಸುತ್ತೆ.

ನಿಮ್ಮ ಪಕ್ಕದ ಮನೆಯವರ ಕಥೆ ಇದರ ಉಲ್ಟಾ. ಲಿವರ್ ಕೆಟ್ಟವರಿಗೆ ಹೊಟ್ಟೆ ನೀರು ಇಳಿಸೋಕೆ ಮೂತ್ರ ಹೆಚ್ಚಿಸೋ ಮಾತ್ರೆ ಕೊಡುತ್ತಾರೆ. ಅದರಿಂದ ಪೊಟ್ಯಾಸಿಯಂ ತೀರಾ ಇಳಿದರೆ ಕಿಡ್ನಿ ಜಾಸ್ತಿ ಅಮೋನಿಯಾ ಮಾಡುತ್ತೆ. ಅದರಲ್ಲಿ ರಕ್ತಕ್ಕೆ ಮರಳಿದ ಪಾಲನ್ನು ಯೂರಿಯಾ ಮಾಡೋ ಶಕ್ತಿ ಆ ಲಿವರ್‌ಗೆ ಇಲ್ಲ. ಮಂಪರು ಬರೋಕೆ ಅದೂ ಒಂದು ದಾರಿ. ಅದಕ್ಕೇ ಅಂಥವರಿಗೆ ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟಿರುತ್ತಾರೆ. ಒಂದೇ ಅಮೋನಿಯಾ. ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ಅತಿಯಾಯ್ತು.

ಹಿರಿಯೂರು_ತೋಟ · 10:50

ತಪ್ಪಾಯ್ತು ಮೇಡಂ. ನಮ್ಮ ಅತ್ತೆಗೂ ಕಿಡ್ನಿ ತೊಂದರೆ ಇದೆ, ಅವರಿಗೂ ದಿನಾ ಕಳಿಸ್ತಿದ್ದೆ. ಇವತ್ತೇ ಫೋನ್ ಮಾಡ್ತೀನಿ.

ದುರ್ಗದ_ಕಲ್ಲು · 11:05

ನನ್ನ ಯೂರಿಯಾ ವಾದ ವಾಪಸ್ ತಗೊಂಡೆ. ಈಗ ಬೇರೆ ಪ್ರಶ್ನೆ. ಆಸಿಡ್ ಊಟದಿಂದ ಬರುತ್ತೆ ಅಂದಿರಿ. ಹುಣಸೆಹುಳಿ, ನಿಂಬೆಹಣ್ಣು ಬಿಟ್ಟರೆ ಆಯ್ತಾ?

ಪಾಠದ_ಮೇಡಂ · 11:18

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾಲಿಗೆಗೆ ಹುಳಿ ಇರೋದೆಲ್ಲ ರಕ್ತಕ್ಕೆ ಆಸಿಡ್ ಅಲ್ಲ. ನಿಂಬೆಯ ಸಿಟ್ರೇಟ್ ಉರಿದರೆ ಬೈಕಾರ್ಬನೇಟೇ ಆಗುತ್ತೆ. ಉಳಿದುಕೊಳ್ಳೋ ಆಸಿಡ್ ಬರೋದು ಹೆಚ್ಚಾಗಿ ಪ್ರೋಟೀನಿನಿಂದ. ಗಂಧಕ ಇರೋ ಎರಡು ಅಮೈನೋ ಆಮ್ಲಗಳಿವೆ, ಮಿಥಿಯೋನಿನ್ ಮತ್ತು ಸಿಸ್ಟೀನ್. ಅವು ಉರಿದಾಗ ಸಲ್ಫ್ಯೂರಿಕ್ ಆಸಿಡ್. ಮೊಟ್ಟೆ, ಮಾಂಸದಲ್ಲಿ ಇವು ಜಾಸ್ತಿ. ತರಕಾರಿ, ಹಣ್ಣು ಆಸಿಡ್ ಇಳಿಸುತ್ತವೆ. ಆದರೆ ಪೊಟ್ಯಾಸಿಯಂ 5.8 ಇರೋರಿಗೆ ಅವನ್ನೂ ಅಳೆದೇ ಕೊಡಬೇಕು. ಎಷ್ಟು ಬೇಳೆ, ಎಷ್ಟು ಸೊಪ್ಪು ಅನ್ನೋದನ್ನು ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಕೂತು ಬರೆಸಿಕೊಳ್ಳಿ. ಇಲ್ಲಿ ಕೇಳಬೇಡಿ, ನಾನೂ ಹೇಳಲ್ಲ.

ಚಳ್ಳಕೆರೆ_ಶೇಂಗಾ · 11:30

ನನಗೆ ಎರಡು ಸಲ ಯೂರಿಕ್ ಆಸಿಡ್ ಕಲ್ಲು ಆಗಿದೆ. ಮೂತ್ರ ಯಾವಾಗಲೂ ಹುಳಿ ಅಂದಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಪಾಠದ_ಮೇಡಂ · 11:36

ಇದೆ. ಬೊಜ್ಜು, ಶುಗರ್ ಇದ್ದವರಲ್ಲಿ ಕಿಡ್ನಿಯ ಅಮೋನಿಯಾ ತಯಾರಿಕೆ ಕುಂಠಿತವಾಗಿರೋದು ಉಂಟು. ಆಗ ಆಸಿಡ್ಡಿಗೆ ಮಾರುವೇಷ ಸಾಲದೆ ಮೂತ್ರದ ಪಿಎಚ್ ಇಳಿಯುತ್ತೆ. ಹುಳಿ ಮೂತ್ರದಲ್ಲಿ ಯೂರಿಕ್ ಆಸಿಡ್ ಕರಗದೆ ಕಲ್ಲಾಗುತ್ತೆ. ನಿಮ್ಮ ಶುಗರ್ ನೋಡಿಸಿದ್ದೀರಾ?

ಚಳ್ಳಕೆರೆ_ಶೇಂಗಾ · 11:38

ನಾಳೆ ನೋಡಿಸ್ತೀನಿ.

ಕೊಂಡಜ್ಜಿ_ಹುಡುಗ · ಐದು ವಾರದ ನಂತರ, ಶನಿವಾರ ಸಂಜೆ 7:45

ಎಲ್ಲರಿಗೂ ಹೇಳಬೇಕಿತ್ತು. ಬೈಕಾರ್ಬನೇಟ್ 21ಕ್ಕೆ ಬಂದಿದೆ, ಪೊಟ್ಯಾಸಿಯಂ 5.1. ಬಿಪಿ ಮಾತ್ರ ಸ್ವಲ್ಪ ಏರಿತ್ತು. ಸೋಡಾ ಮಾತ್ರೆಯಲ್ಲಿ ಸೋಡಿಯಂ ಇರುತ್ತೆ, ಕಾಲು ಊದಿದರೆ ತಕ್ಷಣ ಬನ್ನಿ ಅಂತ ಡಾಕ್ಟರು ಹೇಳಿದ್ದಾರೆ. ಉಂಗುರದ ವಿಷಯವನ್ನೂ ಹೇಳಿದೆ. ಡಯಟಿಷಿಯನ್ ಒಂದು ಹಾಳೆ ಬರೆದುಕೊಟ್ಟರು. ಉಪ್ಪು ಕಡಿಮೆ, ಕರಿದದ್ದು ಬೇಡ ಅಂತ ಮೇಲೇ ಇದೆ.

ಅಪ್ಪಾಜಿಗೆ ನಿಮ್ಮ ಶೇಂಗಾ ಲೆಕ್ಕವನ್ನೆಲ್ಲ ಓದಿ ಹೇಳಿದ್ದೆ, ಅದೇ ತಪ್ಪಾಯ್ತು. ಇವತ್ತು ಮಂಡಕ್ಕಿ ಮೆಣಸಿನಕಾಯಿ ತಾ ಅಂತ ಹಟ. ಬೇಡ ಅಂದರೆ, "ಮೆಣಸಿನಕಾಯಿ ಹಿಟ್ಟಿಗೂ ಸೋಡಾ ಹಾಕೇ ಹಾಕ್ತಾರೆ. ಒಂದು ಮಾತ್ರೆ ಕಡಿಮೆ ಮಾಡಿ ಎರಡು ಮೆಣಸಿನಕಾಯಿ ಕೊಡು, ಲೆಕ್ಕ ಸರಿಹೋಗುತ್ತೆ" ಅಂತಾರೆ. ಮೇಡಂ, ಇದಕ್ಕೆ ಏನು ಉತ್ತರ ಕೊಡಲಿ?

ಪಾಠದ_ಮೇಡಂ · 8:10

ಹಿಟ್ಟಿನಲ್ಲಿರೋ ಉಪ್ಪಿನ ಲೆಕ್ಕ ಮೊದಲು ಕೊಡಿ ಅಂತ ಹೇಳಿ.

ದುರ್ಗದ_ಕಲ್ಲು · 8:12

ನಾನು ಅಪ್ಪಾಜಿ ಪಕ್ಷ.